ಕೇಳಿಕೊಂಡು ಹೋದವರು ತಿರುಗಿ ಬರಬೇಕು

ನಿನ್ನೆ ಗುಳೇದಗುಡ್ಡದಲ್ಲಿ ಕಂಡದ್ದನ್ನು ಬರೆಯದೆ ಮನಸ್ಸಿಗೆ ಸಮಾಧಾನ ಇಲ್ಲ. ಎಂ.ಎ. ಓದುವ ಹುಡುಗಿಯೊಬ್ಬಳು ಖಣ, ಅಂದರೆ ಕುಪ್ಪಸದ ಬಟ್ಟೆ, ನೇಯುವವರ ಮೇಲೆ ಪ್ರಾಜೆಕ್ಟ್ ಮಾಡಿದ್ದಾಳೆ. ಕಾಲೇಜಿಗೆ ಒಪ್ಪಿಸುವ ಮೊದಲು ಅದನ್ನು ನೇಕಾರರ ಓಣಿಗೇ ತಂದು, ಗುಡಿಕಟ್ಟೆ ಮೇಲೆ ಕೂತು ಓದಿದಳು. ನೂಲಿನ ದರ, ಪವರ್‌ಲೂಮ್ ಪೈಪೋಟಿ, ಕೂಲಿ ಎಲ್ಲ ಇತ್ತು. ಆಗ ಒಬ್ಬ ಅಜ್ಜಿ ಕೇಳಿದಳು, "ಯವ್ವಾ, ಮಳಿಗಾಲದಾಗ ಕುಣಿಯೊಳಗ ನೀರು ಝರಿತಾವ. ಕಾಲು ಇಡಾಕ ಆಗಂಗಿಲ್ಲ. ಅದನ್ನ ಯಾಕ ಬರದಿಲ್ಲ?"

ಕುಣಿ ಮಗ್ಗ ಗೊತ್ತಲ್ವಾ? ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ತುಳಿಯುತ್ತಾ ನೇಯಬೇಕು. ನೀರು ಬಂದರೆ ಮಗ್ಗ ನಿಂತಿತು, ಕೂಲಿ ಹೋಯಿತು. ಅವಳ ಅಷ್ಟುದ್ದದ ಫಾರ್ಮ್‌ನಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಓದಿ ಹೇಳಲು ತಿರುಗಿ ಬಂದಳು, ಅದಕ್ಕೇ ಸಿಕ್ಕಿತು.

ಬಿ.ಎಡ್. ಮಾಡಿದವರಿಗೆ ಕ್ರಿಯಾ ಸಂಶೋಧನೆ ಅನ್ನೋ ಹೆಸರು ಗೊತ್ತು. ತೊಂದರೆ ಅನುಭವಿಸುವವರ ಜೊತೆ ಕೂತು ಅದನ್ನು ಹುಡುಕಿ, ಒಂದು ದಾರಿ ಮಾಡಿ ನೋಡಿ, ಸರಿಹೋಗದಿದ್ದರೆ ಬದಲಿಸಿ ಮತ್ತೆ ನೋಡುವುದು. ಬರೀ ಪುಸ್ತಕ ಹುಟ್ಟಿಸುವ ಸಂಶೋಧನೆ ಸಾಲದು ಎಂದು ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ 1946ರಲ್ಲೇ ಬರೆದರು. ನಮ್ಮಲ್ಲಿ 2014ರಲ್ಲಿ ಕಾಲೇಜುಗಳನ್ನು ಹಳ್ಳಿಗಳ ಜೊತೆ ಜೋಡಿಸುವ ಕೇಂದ್ರ ಸರ್ಕಾರದ ಉನ್ನತ ಭಾರತ ಅಭಿಯಾನ ಶುರುವಾಯಿತು. ಕಾಲೇಜುಗಳು ಹಳ್ಳಿಗಳನ್ನು ದತ್ತು ತಗೊಂಡವು. ಬ್ಯಾನರ್ ಕಟ್ಟಿ ಫೋಟೋ ತೆಗೆಸಿಕೊಂಡು ಬರುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ತಿರುಗಿ ಹೋದವರು ಎಷ್ಟು ಜನ?

ಸಿಟ್ಟು ಬಂದದ್ದು ಆಮೇಲೆ. ಹುಡುಗಿ ಖುಷಿಯಿಂದ ಫೋನ್ ಮಾಡಿದರೆ ಗೈಡ್ ಹೇಳಿದ್ದು, "ಅದು ಸಮಾಜಸೇವೆ, ಸಂಶೋಧನೆ ಅಲ್ಲ. ಅಂಕ ಬರಲ್ಲ." ಅಂಕ ಬರದಿದ್ದರೆ ನಿಯಮ ಬದಲಿಸಿ! ಓಣಿಯವರಿಗೆ ಓದಿ ಹೇಳದ ಪ್ರಬಂಧಕ್ಕೆ ಸಹಿ ಹಾಕಬೇಡಿ.

ಮೇಷ್ಟ್ರುಗಳಿಗೆ ಕೆಲಸ ಜಾಸ್ತಿ, ಪಿಎಚ್‌ಡಿಗೆ ಗಡುವು ಇದೆ, ಪೇಪರ್ ಪ್ರಕಟಿಸದಿದ್ದರೆ ಬಡ್ತಿ ಇಲ್ಲ ಅಂತೀರಿ. ಒಪ್ಪಿದೆ. ಆದರೆ ಆ ಅಜ್ಜಿ ಮಗ್ಗ ನಿಲ್ಲಿಸಿ, ಚಹಾ ಕೊಟ್ಟು, ನಿಮ್ಮ ಪ್ರಶ್ನೆಗಳಿಗೆ ಉತ್ತರ ಕೊಟ್ಟಳಲ್ಲ, ಆ ಹೊತ್ತಿನ ಕೂಲಿ ಯಾರು ಕೊಟ್ಟರು? ಅವಳ ಹೊತ್ತಿಗೆ ಬೆಲೆ ಇಲ್ವಾ?

ಇಷ್ಟು ಜೋರಾಗಿ ಹೇಳುವಾಗ ನನ್ನದೂ ಹೇಳಬೇಕು. ನನ್ನ ಥೀಸಿಸ್‌ಗೆ 84 ಮನೆ ಸುತ್ತಿದ್ದೆ. ಅದೇ ಊರು. ರೊಟ್ಟಿ ಹಾಕಿದರು, ಮನೆ ಲೆಕ್ಕ ಬಿಚ್ಚಿಟ್ಟರು. ಪದವಿ ಬಂತು, ನೌಕರಿ ಬಂತು. ಒಂದು ಮನೆಗೂ ತಿರುಗಿ ಹೋಗಲಿಲ್ಲ. ನಿನ್ನೆ ಕಟ್ಟೆ ಮೇಲೆ ಕೂತಾಗ ಒಬ್ಬರು ನನ್ನ ಗುರುತು ಹಿಡಿದು, "ಆವಾಗ ಬರಕೊಂಡು ಹೋದ್ರೆಲ್ಲ, ಏನಾತ್ರಿ ಅದು?" ಅಂದರು. ಉತ್ತರ ಹೊಳೆಯಲಿಲ್ಲ.

ಹುಡುಗಿ ಮತ್ತು ಓಣಿಯವರು ಸೇರಿ ಎರಡು ಮನೆಯ ಕುಣಿಗೆ ಒಳಗಿಂದ ಸಿಮೆಂಟ್ ಬಳಿದು, ಈ ಮಳೆಗಾಲ ಎಷ್ಟು ದಿನ ಮಗ್ಗ ನಿಂತಿತು ಅಂತ ಬರೆದಿಡುತ್ತಾರಂತೆ. ಪಕ್ಕದ ಎರಡು ಮನೆಯದನ್ನೂ ಬರೆದು ಹೋಲಿಸುತ್ತಾರೆ. ಸಿಮೆಂಟ್ ಖರ್ಚು ನನ್ನದು ಅಂದಿದ್ದೇನೆ. ಅಟ್ಟದಿಂದ ಹಳೇ ಫಾರ್ಮ್‌ಗಳ ಗಂಟು ಇಳಿಸಿದ್ದೇನೆ. ಭಾನುವಾರ ಮೊದಲ ಮನೆಯಿಂದ ಶುರು ಮಾಡುತ್ತೇನೆ.