ಇಸೆಯಲ್ಲಿ "ನೋಡೋಕೆ ಏನೂ ಇಲ್ಲ" ಅನ್ನೋರಿಗೆ

ಜಪಾನ್ ಸುತ್ತಿ ಬಂದವರೊಬ್ಬರ ಪೋಸ್ಟ್ ಈಗಷ್ಟೇ ಓದಿದೆ. ಇಸೆ ದೇಗುಲಕ್ಕೆ ಸಿಕ್ಕಿದ್ದು ಒಂದೇ ಸಾಲು: "ಬೇಲಿ ಬಿಟ್ರೆ ನೋಡೋಕೆ ಏನೂ ಇಲ್ಲ." ಮೈಯೆಲ್ಲ ಉರೀತು.

ಎಡವಟ್ಟಾಗೋದು ಶುರುವಿನಲ್ಲೇ. ಇಸೆಯಲ್ಲಿ ಮುಖ್ಯ ಗುಡಿ ಎರಡು, ನೈಕು ಮತ್ತು ಗೆಕು. ಎಲ್ಲರೂ ನೇರ ಹೋಗಿ ಇಳಿಯೋದು ನೈಕುವಿನಲ್ಲಿ, ಅಂದ್ರೆ ಸೂರ್ಯದೇವಿ ಅಮಾತೆರಾಸುವಿನ ಗುಡಿಯಲ್ಲಿ. ಕ್ರಮ ಹಾಗಲ್ಲ, ಮೊದಲು ಗೆಕು. ಇಸೆಶಿ ಸ್ಟೇಷನ್ನಿಂದ ಐದೇ ನಿಮಿಷದ ನಡಿಗೆ. ಅಲ್ಲಿರೋಳು ಅನ್ನದ ದೇವತೆ ತೊಯೊಉಕೆ. ದಿನಕ್ಕೆರಡು ಹೊತ್ತು ನೈವೇದ್ಯ, ಅದರ ಅಡುಗೆಗೆ ಇವತ್ತಿಗೂ ಮರಕ್ಕೆ ಮರ ಕಡೆದೇ ಬೆಂಕಿ ಹುಟ್ಟಿಸ್ತಾರೆ. ಅರಣಿ ಅಂದ್ರೇನು ಅಂತ ಗೊತ್ತಿರೋ ನಮ್ಮವರೇ ಇದನ್ನ ಬಿಟ್ಟು ಹೋದ್ರೆ ಹೊಟ್ಟೆ ಉರಿಯಲ್ವಾ? ಗೆಕುವಿನಲ್ಲಿ ದಾರಿಯ ಎಡಬದಿ ನಡೀರಿ, ನೈಕುವಿನಲ್ಲಿ ಬಲಬದಿ.

ನೋಡೋಕೆ ಏನೂ ಇಲ್ವಂತೆ! ನೈಕುವಿನ ಉಜಿ ಸೇತುವೆಯ ಎರಡೂ ತುದಿಯಲ್ಲಿ "ತೋರಿ" ಅನ್ನೋ ಮರದ ಹೆಬ್ಬಾಗಿಲಿದೆ. ಅದರ ಕೆಳಗೆ ಸೆಲ್ಫಿ ತೆಗೆಯೋರು ಆ ಕಂಬ ಯಾವುದು ಅಂತ ಕೇಳೋದೇ ಇಲ್ಲ. ಇಸೆಯ ಗುಡಿಗಳನ್ನ 20 ವರ್ಷಕ್ಕೊಮ್ಮೆ ಪಕ್ಕದ ಖಾಲಿ ಜಾಗದಲ್ಲಿ ಹೊಸದಾಗಿ ಕಟ್ತಾರೆ. ಹಾಗೆ ಬಿಚ್ಚಿದ ಹಳೇ ಗುಡಿಯ ಸೂರಿನ ತೊಲೆ ಹೊತ್ತಿದ್ದ ಕಂಬಗಳೇ ಅವು. ಒಳಬದಿಯದು ನೈಕುವಿನದು, ಹೊರಬದಿಯದು ಗೆಕುವಿನದು. ಇಲ್ಲಿ 20 ವರ್ಷ ನಿಂತ ಮೇಲೆ ಕುವಾನಾ, ಸೆಕಿ ಊರುಗಳ ಹಳೇ ಹೆದ್ದಾರಿಯಲ್ಲಿ ಮತ್ತೆ ಬಾಗಿಲಾಗ್ತವೆ.

"ಅಷ್ಟು ದೂರ ಹೋದೋರಿಗೆ ಒಳಗೂ ಬಿಡಲ್ಲ, ಫೋಟೊನೂ ಇಲ್ಲ ಅಂದ್ರೆ?" ಅಂತ ಕೇಳಬಹುದು. ನಮ್ಮ ಗರ್ಭಗುಡಿಯೊಳಗೆ ಯಾರನ್ನ ಬಿಡ್ತಾರೆ ಹೇಳಿ. ನೈಕುವಿನಲ್ಲಿ ಫೋಟೊ ಕಲ್ಲು ಮೆಟ್ಟಿಲಿನ ಕೆಳಗೇ ಮುಗೀಬೇಕು. ಮೇಲೆ ಹೋಗಿ ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಇನ್ನೊಂದು ಸಲ ಬಾಗಿ. ಹರಕೆಯ ಪಟ್ಟಿ ಅಲ್ಲಿ ಬಿಚ್ಚಬೇಡಿ, ಅದು ಕೃತಜ್ಞತೆ ಹೇಳೋ ಜಾಗ. ಸ್ವಂತ ಬೇಡಿಕೆಗೆ ಹಿಂದುಗಡೆ ಅರಮತ್ಸುರಿನೊಮಿಯಾ ಅನ್ನೋ ಬೇರೆ ಗುಡಿ ಇದೆ. ಅತ್ತ ಹೋಗ್ತಾ ಬೇಲಿಯ ಮೇಲಿಂದ ಹುಲ್ಲಿನ ಸೂರು ಕಾಣುತ್ತೆ, ನಿಂತು ನೋಡಿ. ಸೂರಿನ ತುದಿಯಲ್ಲಿ ಕತ್ತರಿಯಾಗಿ ಮೇಲೆದ್ದ ಮರದ ಕೊನೆಯನ್ನ ಅಡ್ಡಕ್ಕೆ ಕೊಯ್ದಿದ್ದಾರೆ, ಗೆಕುವಿನಲ್ಲಿ ಉದ್ದಕ್ಕೆ. ಸೂರಿನ ಮೇಲೆ ಸಾಲಾಗಿ ಮಲಗಿಸಿದ ದಿಮ್ಮಿಗಳು ಇಲ್ಲಿ ಹತ್ತು, ಅಲ್ಲಿ ಒಂಬತ್ತು. ಇದು ಏನೂ ಅಲ್ವಾ?

ಹೋಗೋರು ಗುಡಿಯ ಪಕ್ಕದ ಖಾಲಿ ಜಾಗವನ್ನೂ ನೋಡಿ ಬನ್ನಿ, ಗೆಕುವಿನಲ್ಲಿ ಚೆನ್ನಾಗಿ ಕಾಣುತ್ತೆ. ಕಲ್ಲು ಹಾಸಿದ ಅಂಗಳ, ನಡುವೆ ಒಂದು ಪುಟ್ಟ ಮರದ ಗೂಡು. ಆ ಗೂಡಿನಡಿ ಇರೋದು ಮುಂದಿನ ಗುಡಿಯ ನಡುಗಂಬದ ಸ್ಥಳ. ಗುಡಿಯನ್ನ ಹೀಗೆ ಹೊಸದಾಗಿ ಕಟ್ಟೋ ಪದ್ಧತಿ ಶುರುವಾಗಿದ್ದು ಕ್ರಿ.ಶ. 690ರಲ್ಲಿ. ಯುದ್ಧಗಳ ಕಾಲದಲ್ಲಿ 120 ವರ್ಷಕ್ಕೂ ಹೆಚ್ಚು ನಿಂತುಹೋಗಿ ಮತ್ತೆ ಶುರುವಾಯ್ತು. ಈಗಿರೋ ಗುಡಿ 2013ರದು. ಮುಂದಿನದಕ್ಕೆ ಕಿಸೊ ಕಾಡಿನಲ್ಲಿ ಹಿನೋಕಿ ಮರ ಕಡಿಯೋ ವಿಧಿ 2025ರಲ್ಲೇ ನಡೆದಿದೆ. ಆ ಖಾಲಿ ಅಂಗಳ ತುಂಬೋದು 2033ಕ್ಕೆ.