ಅಕ್ಕನ ಮಗನ ಕಾರ್ಡು, ಬೈಲಕುಪ್ಪೆಯ ಅಣ್ಣ ತಂಗಿ

2019ರ ಏಪ್ರಿಲ್‌ನಲ್ಲಿ ಮಂಡ್ಯದ ಲೋಕಸಭಾ ಚುನಾವಣೆ ದೇಶದ ಕಣ್ಣನ್ನೆಲ್ಲ ತನ್ನತ್ತ ಸೆಳೆದಿದ್ದಾಗ ನನ್ನ ಅಕ್ಕನ ಮಗ ಅಮೆರಿಕದಿಂದ ರಜೆಗೆ ಬಂದಿದ್ದ. ಊರಿನ ಮತದಾರರ ಪಟ್ಟಿಯಲ್ಲಿ ಅವನ ಹೆಸರು ಹಾಗೆಯೇ ಉಳಿದಿತ್ತು. ಹಳೆಯ ಗುರುತಿನ ಚೀಟಿಯೂ ಅಕ್ಕನ ಬೀರುವಿನಲ್ಲಿ ಭದ್ರವಾಗಿತ್ತು. ತಿಂಡಿ ಮುಗಿಸಿ ಮನೆಯವರೊಂದಿಗೆ ಮತಗಟ್ಟೆಯ ಕಡೆ ಹೊರಟಿದ್ದವನನ್ನು ನಾನು ಬಾಗಿಲಲ್ಲೇ ತಡೆದಾಗ ಅವನಿಗೆ ಸಿಟ್ಟು ಬಂತು. "ಮಾವ, ಕಾರ್ಡ್ ಮೇಲೆ ಸಿಟಿಜನ್ ಅಂತಾನೇ ಬರ್ದವ್ರೆ, ನೋಡಿ ಬೇಕಾದ್ರೆ" ಎಂದು ಜೇಬಿನಿಂದ ಓಸಿಐ ಕಾರ್ಡು, ಅಂದರೆ ವಿದೇಶದ ಪೌರತ್ವ ಪಡೆದ ಭಾರತ ಮೂಲದವರಿಗೆ ನಮ್ಮ ಸರ್ಕಾರ ಕೊಡುವ ಕಾರ್ಡು, ತೆಗೆದು ತೋರಿಸಿದ.

ಅದಕ್ಕೆ ಎರಡು ವರ್ಷ ಮೊದಲೇ ಅವನು ಅಮೆರಿಕದ ಪೌರತ್ವದ ಪ್ರಮಾಣವಚನ ಸ್ವೀಕರಿಸಿದ್ದ. ನಮ್ಮ 1955ರ ಪೌರತ್ವ ಕಾಯ್ದೆಯ 9ನೇ ಕಲಮಿನ ಪ್ರಕಾರ, ಭಾರತದ ಪೌರನೊಬ್ಬ ಸ್ವಇಚ್ಛೆಯಿಂದ ಬೇರೊಂದು ದೇಶದ ಪೌರತ್ವ ಪಡೆದ ಕ್ಷಣದಲ್ಲೇ ಇಲ್ಲಿಯ ಪೌರತ್ವ ತಾನಾಗಿಯೇ ಕೊನೆಗೊಳ್ಳುತ್ತದೆ. ಅದಕ್ಕೆ ಯಾರೂ ನೋಟಿಸು ಕೊಡಬೇಕಿಲ್ಲ, ಯಾವ ಅಧಿಕಾರಿಯೂ ಸಹಿ ಹಾಕಬೇಕಿಲ್ಲ. ಆಮೇಲೆ ಪಾಸ್‌ಪೋರ್ಟನ್ನು ಒಪ್ಪಿಸಿ ಪ್ರಮಾಣಪತ್ರ ಪಡೆಯುವುದು ಆಗಿಹೋದ ಸಂಗತಿಗೆ ಬೀಳುವ ಮುದ್ರೆ ಮಾತ್ರ. ಅಮೆರಿಕದ ಕಾನೂನು ಎರಡು ಪೌರತ್ವಗಳನ್ನು ಸಹಿಸಿಕೊಳ್ಳುತ್ತದೆ. ಸಹಿಸದೆ ಇರುವುದು ನಮ್ಮದು. 2022ರ ಒಂದೇ ವರ್ಷದಲ್ಲಿ 2,25,620 ಮಂದಿ ಭಾರತದ ಪೌರತ್ವ ಬಿಟ್ಟರೆಂದು ಸರ್ಕಾರವೇ ಸಂಸತ್ತಿಗೆ ತಿಳಿಸಿದೆ. ಅವರಲ್ಲಿ ಎಷ್ಟು ಜನರ ಹೆಸರು ಊರಿನ ಪಟ್ಟಿಗಳಲ್ಲಿ ಇಂದಿಗೂ ಉಳಿದಿದೆಯೋ ದೇವರೇ ಬಲ್ಲ.

ಅಮೆರಿಕದಲ್ಲಿ ಕಾಯಂ ಆಗಿ ನೆಲೆಸಲು ಬಿಡುವ ಹಸಿರು ಕಾರ್ಡು (ಗ್ರೀನ್ ಕಾರ್ಡ್) ಇಟ್ಟುಕೊಂಡು ಭಾರತದ ಪಾಸ್‌ಪೋರ್ಟಿನಲ್ಲೇ ಇದ್ದಿದ್ದರೆ ಅವನು ಧಾರಾಳವಾಗಿ ಮತ ಹಾಕಬಹುದಿತ್ತು. ಅನಿವಾಸಿಗಳು ತಮ್ಮ ಊರಿನ ಮತಗಟ್ಟೆಗೆ ಖುದ್ದಾಗಿ ಬಂದರೆ ಕಾನೂನು ಬೇಡವೆನ್ನುವುದಿಲ್ಲ. ಪ್ರಮಾಣವಚನದ ನಂತರ ಹಾಕಿದ್ದರೆ ಅದು ಅಪರಾಧವಾಗುತ್ತಿತ್ತು, ಕೈಯಲ್ಲಿದ್ದ ಓಸಿಐ ಕಾರ್ಡಿಗೂ ಕುತ್ತು ಬರುತ್ತಿತ್ತು. ದೇಶಕ್ಕೆಲ್ಲ ಮತದಾನದ ಶಾಯಿ ತಯಾರಾಗುವುದು ಮೈಸೂರಿನಲ್ಲಿ. ನಲವತ್ತು ಕಿಲೋಮೀಟರು ಆಚೆಯ ಮಂಡ್ಯದ ಹುಡುಗನ ಬೆರಳಿಗೆ ಅದು ತಾಗುವಂತಿರಲಿಲ್ಲ.

ಅವನನ್ನು ನಾನು ಪೂರ್ತಿ ದೂರುವುದಿಲ್ಲ. 2005ರಲ್ಲಿ ಬಂದ ಈ ಓಸಿಐ ಸೌಲಭ್ಯಕ್ಕೆ ಸರ್ಕಾರ ಇಟ್ಟ ಹೆಸರೇ 'ಸಾಗರೋತ್ತರ ಭಾರತೀಯ ನಾಗರಿಕ'. ಹೆಸರಿನಲ್ಲಿ ನಾಗರಿಕನಿದ್ದಾನೆ, ಹಕ್ಕುಗಳ ಪಟ್ಟಿಯಲ್ಲಿ ಅವನಿಲ್ಲ: ಮತವಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಕೃಷಿ ಭೂಮಿ ಕೊಳ್ಳುವಂತಿಲ್ಲ. ಆಜೀವ ವೀಸಾ ಎಂದೇ ಕರೆದಿದ್ದರೆ ಎಷ್ಟೋ ಗೊಂದಲ ತಪ್ಪುತ್ತಿತ್ತು. ಅದೇ ರಜೆಯಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಪಕ್ಕದ ಗದ್ದೆ ಮಾರಾಟಕ್ಕೆ ಬಂದಿತ್ತು. 28 ಗುಂಟೆ, ಅಕ್ಕನ ಜಮೀನಿಗೆ ಒತ್ತಿಕೊಂಡೇ ಇದೆ. ತನ್ನ ಹೆಸರಿಗೇ ಕ್ರಯಪತ್ರ ಮಾಡಿಸಬೇಕೆಂಬ ಆಸೆ ಅವನಿಗಿತ್ತು. ಅಪ್ಪ ಅಮ್ಮನಿಂದ ಪಿತ್ರಾರ್ಜಿತವಾಗಿ ಬರುವ ಜಮೀನು ಅವನಿಗೆ ಸೇರಬಹುದು, ಆದರೆ ಹೊಸದಾಗಿ ಒಂದು ಗುಂಟೆಯನ್ನೂ ಕೊಳ್ಳುವಂತಿಲ್ಲ ಎಂದು ಕಂದಾಯ ಇಲಾಖೆಯಲ್ಲಿ ಪಹಣಿ ನೋಡುತ್ತಲೇ ಕೂದಲು ಹಣ್ಣಾಗಿಸಿಕೊಂಡ ನಾನು ಹೇಳಬೇಕಾಯಿತು. ಎರಡು ದಿನ ಅವನು ನನ್ನೊಡನೆ ಮಾತಾಡಲಿಲ್ಲ.

ಇಷ್ಟಾದರೂ ಅವನು ತಿಳಿದೋ ತಿಳಿಯದೆಯೋ ತಾನೇ ಆರಿಸಿಕೊಂಡವನು. ಬೈಲಕುಪ್ಪೆಯಲ್ಲಿ ನನಗೆ ಪರಿಚಯವಿರುವ ಅಣ್ಣ ತಂಗಿಯ ಕಥೆ ಬೇರೆ. 1960ರ ದಶಕದ ಆರಂಭದಲ್ಲಿ ಆಗಿನ ಮೈಸೂರು ರಾಜ್ಯ ಸರ್ಕಾರ ಕೊಟ್ಟ ಕಾಡು ನೆಲವನ್ನು ಕಡಿದು ಹದ ಮಾಡಿ ಮುಸುಕಿನ ಜೋಳ ಬೆಳೆದ ಟಿಬೆಟಿಯನ್ನರ ಮಕ್ಕಳು ಅವರು. ಚಳಿಗಾಲದಲ್ಲಿ ಮೈಸೂರಿಗೆ ಬಂದು ಸ್ವೆಟರ್ ಮಾರುತ್ತಿದ್ದ ಅವರ ತಾಯಿಯಿಂದ ನಮ್ಮ ಮನೆಗೆ ಪರಿಚಯವಾದದ್ದು. ಅಣ್ಣ ಹುಟ್ಟಿದ್ದು 1986ರಲ್ಲಿ, ತಂಗಿ 1989ರಲ್ಲಿ. ಇಬ್ಬರೂ ಪಿರಿಯಾಪಟ್ಟಣ ತಾಲ್ಲೂಕಿನವರೇ.

ಪೌರತ್ವ ಕಾಯ್ದೆಯ 3ನೇ ಕಲಮಿನ ಪ್ರಕಾರ 26 ಜನವರಿ 1950ರಿಂದ 30 ಜೂನ್ 1987ರವರೆಗೆ ಭಾರತದ ನೆಲದ ಮೇಲೆ ಹುಟ್ಟಿದವರು, ರಾಯಭಾರಿಗಳ ಮಕ್ಕಳಂತಹ ಕೆಲವರನ್ನು ಬಿಟ್ಟರೆ, ತಂದೆತಾಯಿ ಯಾರೇ ಆಗಿರಲಿ, ಭಾರತದ ಪೌರರು. 1 ಜುಲೈ 1987ರಿಂದ 2 ಡಿಸೆಂಬರ್ 2004ರವರೆಗೆ ಹುಟ್ಟಿದವರಿಗೆ ತಂದೆತಾಯಿಯಲ್ಲಿ ಒಬ್ಬರಾದರೂ ಪೌರರಾಗಿರಬೇಕು. ಅಲ್ಲಿಂದೀಚೆಗೆ ಇಬ್ಬರೂ ಪೌರರಾಗಿರಬೇಕು, ಇಲ್ಲವೇ ಒಬ್ಬರು ಪೌರರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಹೀಗಾಗಿ ಒಂದೇ ತಾಯಿಯ ಮಕ್ಕಳಲ್ಲಿ ಅಣ್ಣ ಹುಟ್ಟಿನಿಂದ ಪೌರ, ತಂಗಿ ವಿದೇಶಿ. ಇದನ್ನು 2010ರಲ್ಲಿ ದೆಹಲಿ ಹೈಕೋರ್ಟು, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ಟಿಬೆಟಿಯನ್ನರ ಪ್ರಕರಣಗಳಲ್ಲೇ ಸ್ಪಷ್ಟಪಡಿಸಿವೆ, 2014ರ ಚುನಾವಣೆಗೆ ಮೊದಲು ಚುನಾವಣಾ ಆಯೋಗವೂ ಅಂಥವರನ್ನು ಪಟ್ಟಿಗೆ ಸೇರಿಸಲು ಸೂಚಿಸಿತು. ಅಣ್ಣನ ಹೆಸರು ಪಟ್ಟಿಗೆ ಬಂದದ್ದು ಹಾಗೆ. ತಂಗಿ ಇಂದಿಗೂ ನೋಂದಣಿ ಪ್ರಮಾಣಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು. ವಿದೇಶಕ್ಕೆ ಹೋಗಬೇಕೆಂದರೆ ಪಾಸ್‌ಪೋರ್ಟಿನ ಬದಲು ಹಳದಿ ಹೊದಿಕೆಯ ಗುರುತಿನ ಪುಸ್ತಕ ಹಿಡಿದು ಹೋಗಬೇಕು. ಆಧಾರ್ ಇಬ್ಬರಿಗೂ ಇದೆ, ಆದರೆ ಅದು ಪೌರತ್ವದ ಪುರಾವೆಯಲ್ಲವೆಂದು ಆಧಾರ್ ಕಾಯ್ದೆಯೇ ಹೇಳುತ್ತದೆ.

1987ರ ಗೆರೆಗೆ ಕಾರಣವಿಲ್ಲದೆ ಇರಲಿಲ್ಲ. ಅಸ್ಸಾಮಿನ ಚಳವಳಿ, 1985ರ ಒಪ್ಪಂದ, ಶ್ರೀಲಂಕಾದಿಂದ ಬಂದ ನಿರಾಶ್ರಿತರು, ಇವೆಲ್ಲ ಆ ಗೆರೆ ಎಳೆದ ತಿದ್ದುಪಡಿಯ ಹಿನ್ನೆಲೆಯಲ್ಲಿವೆ. ಗಡಿ ದಾಟಿ ಬಂದವರ ಲೆಕ್ಕ ಇಡುವುದು ಯಾವ ಸರ್ಕಾರಕ್ಕೂ ಇರುವ ಕರ್ತವ್ಯ ಎಂಬುದನ್ನು ನಾನು ಒಪ್ಪುತ್ತೇನೆ. ನಾನು ಒಪ್ಪದಿರುವುದು, ಸರ್ಕಾರವೇ ಕರೆದು ನೆಲ ಕೊಟ್ಟು ಕೂರಿಸಿದವರ ಮಕ್ಕಳನ್ನೂ ಕಳ್ಳದಾರಿಯಲ್ಲಿ ಬಂದವರನ್ನೂ ಒಂದೇ ಜರಡಿಯಲ್ಲಿ ಸೋಸುವುದನ್ನು. 2019ರ ತಿದ್ದುಪಡಿ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ ಬಂದ ಆರು ಧರ್ಮಗಳ ಜನರಿಗೆ ದಾರಿ ಸುಗಮಗೊಳಿಸಿತು, ಟಿಬೆಟ್ ಅದರಲ್ಲಿಲ್ಲ. ಉಳಿದದ್ದು ದೇಶೀಕರಣ ಎಂಬ ಹಳೆಯ ದಾರಿ: ಅರ್ಜಿಗೆ ಹಿಂದಿನ ಹನ್ನೆರಡು ತಿಂಗಳು, ಅದಕ್ಕೂ ಹಿಂದಿನ ಹದಿನಾಲ್ಕು ವರ್ಷಗಳಲ್ಲಿ ಹನ್ನೊಂದು ವರ್ಷ ಇಲ್ಲಿ ಇದ್ದಿರಬೇಕು, ಸಂವಿಧಾನದ ಎಂಟನೇ ಅನುಸೂಚಿಯ ಒಂದು ಭಾಷೆ ಬರಬೇಕು. ಆ ತಂಗಿ ಹುಟ್ಟಿದಂದಿನಿಂದ ಇಲ್ಲೇ ಇದ್ದಾಳೆ. ಅವಳ ಕನ್ನಡ ನನ್ನ ಅಕ್ಕನ ಮಗನ ಮಕ್ಕಳ ಕನ್ನಡಕ್ಕಿಂತ ಎಷ್ಟೋ ಚೆನ್ನಾಗಿದೆ. ಆದರೆ ಇಲ್ಲಿಯೇ ಹುಟ್ಟಿದವಳು ಪರದೇಶದಿಂದ ಬಂದು ನೆಲೆಸಿದವಳಂತೆ ಅರ್ಜಿ ಹಾಕಬೇಕು, ಕೊಡುವುದು ಬಿಡುವುದು ಸರ್ಕಾರದ ಚಿತ್ತ.

ಇಂಥವರಿಗೆ, ಅಂದರೆ ಸರ್ಕಾರದ ಅನುಮತಿಯಿಂದ ನೆಲೆಸಿದವರಿಗೆ ಇಲ್ಲಿ ಹುಟ್ಟಿ ಇಲ್ಲೇ ಬೆಳೆದವರಿಗೆ, ಹದಿನೆಂಟು ತುಂಬಿದಾಗ ನೋಂದಣಿಯ ಮೂಲಕ ಪೌರರಾಗುವ ಒಂದು ಉಪಕಲಮನ್ನು 5ನೇ ಕಲಮಿಗೆ ಸೇರಿಸಬೇಕೆಂಬುದು ನನ್ನ ಅಭಿಪ್ರಾಯ. ಬೇಡವೆನ್ನುವವರು ಬಿಡಲಿ. ಪೌರತ್ವ ತೆಗೆದುಕೊಂಡರೆ ತಾಯ್ನಾಡಿನ ಹಕ್ಕಿನ ಕೂಗು ದುರ್ಬಲವಾಗುತ್ತದೆ ಎಂದು ಅಂಜುವವರು ಟಿಬೆಟಿಯನ್ನರಲ್ಲೂ ಇದ್ದಾರೆ, ಆ ಅಣ್ಣ ತಂಗಿಯ ತಾಯಿಯೇ ಒಬ್ಬರು. ಮಗ ಮೊದಲ ಸಲ ಮತ ಹಾಕಿ ಬಂದ ದಿನ ಆಕೆ ಏನೂ ಹೇಳಲಿಲ್ಲವಂತೆ. ಅವನ ಬೆರಳಿನ ಕಪ್ಪು ಗುರುತನ್ನು ಹಿಡಿದು ನೋಡಿ, ಮಗಳ ಕಡೆ ತಿರುಗಿ, ಊಟಕ್ಕೆ ತಟ್ಟೆ ಹಾಕು ಎಂದರಂತೆ.