ಅಜ್ಜಿ ಬಿಟ್ಟು ಹೋದ ಹದಿನೆಂಟೂವರೆ ಸಾವಿರ

ಅಜ್ಜಿ ತಿಥಿ ಮುಗಿದ ಮಾರನೇ ದಿನ ಅಟ್ಟ ಕ್ಲೀನ್ ಮಾಡೋ ಕೆಲಸ ಮೊಮ್ಮಕ್ಕಳ ತಲೆಗೆ ಬಂತು, ಯಾಕಂದ್ರೆ ದೊಡ್ಡೋರಿಗೆಲ್ಲ ಒಟ್ಟಿಗೇ ಮಂಡಿ ನೋವು ಶುರುವಾಗಿತ್ತು. ತಿಪಟೂರು ಕಡೆ ಮನೆ ಅಂದ್ಮೇಲೆ ಅಟ್ಟದ ತುಂಬಾ ಕಾಯಿ ಇರ್ಲೇಬೇಕಲ್ಲ. ಹತ್ತು ಹನ್ನೊಂದು ತಿಂಗಳು ಅಲ್ಲೇ ಒಣಗಿ ಗಿಟುಕಾಗೋವರೆಗೂ ಯಾರೂ ಮುಟ್ಟೋ ಹಾಗಿಲ್ಲ, ಅಜ್ಜಿ ಮಾತ್ರ ಏಣಿ ಹತ್ತಿ ಒಂದೊಂದೇ ಕಾಯಿ ಕಿವಿ ಹತ್ರ ಹಿಡಿದು ಅಲ್ಲಾಡಿಸಿ, ಲಟಲಟ ಅಂದ್ರೆ ಪಕ್ಕಕ್ಕಿಡ್ತಿತ್ತು. ಎಂಬತ್ತು ದಾಟಿದ್ಮೇಲೂ ಯಾಕಜ್ಜಿ ಏಣಿ ಹತ್ತೀಯ, ನಾವು ಹತ್ತಲ್ವಾ ಅಂದ್ರೆ "ನಿಮಗೇನ್ ಗೊತ್ತಾಗುತ್ತೆ ಕಾಯಿ ವಿಷ್ಯ, ಕೆಳಗಿರಿ ಸುಮ್ನೆ" ಅಂತ ಬೈಯೋದು. ಕಾಯಿ ಮೇಲೆ ಎಂಥಾ ಪ್ರೀತಿ ಅಂದ್ಕೊಂಡಿದ್ವಿ ನಾವು.

ಅಟ್ಟದ ಮೂಲೇಲಿ ಒಂದು ತುಕ್ಕು ಹಿಡಿದ ಪೌಡರ್ ಡಬ್ಬ ಸಿಕ್ತು. ಅಕ್ಕ ಮುಚ್ಚಳ ಕಿತ್ತು ಬಗ್ಗಿಸಿದ್ರೆ ಸೀರೆ ಅಂಚಿನ ದಾರದಲ್ಲಿ ಬಿಗಿಯಾಗಿ ಕಟ್ಟಿರೋ ನೋಟಿನ ಸುರುಳಿ. ಐನೂರರ ನೋಟು! ಚಿಕ್ಕಮ್ಮನ ಮಗಳು ಖುಷಿಗೆ ಕಿರುಚಿದ್ಲು, ಕೆಳಗಿಂದ ದೊಡ್ಡಮ್ಮ ಹಾವು ಬಂತಾ ಅಂತ ಓಡಿ ಬಂದ್ರು. ಬಿಚ್ಚಿ ನೋಡಿದ್ರೆ ಹಿಂದುಗಡೆ ಕೆಂಪುಕೋಟೆ ಇಲ್ಲ, ದಂಡಿಯಾತ್ರೆ. ಅಂದ್ರೆ 2016ರ ನವೆಂಬರ್ 8ರ ರಾತ್ರಿ ಸತ್ತು ಹೋದ ಹಳೇ ನೋಟು.

ಆವಾಗ ಮನೇಲಿ ಎಲ್ರೂ ಅಜ್ಜೀನ ಕೂರಿಸ್ಕೊಂಡು ಕೇಳಿದ್ರು ರೀ, ಡಿಸೆಂಬರ್ 30 ಕಳೆದ್ರೆ ಬ್ಯಾಂಕಲ್ಲೂ ತಗೊಳಲ್ಲ, ಇದ್ರೆ ಕೊಟ್ಬಿಡು ಅಂತ. ಚಿಕ್ಕಪ್ಪ ಅಂತೂ ಕೈ ಮುಗಿದ್ರು. ಅಜ್ಜಿ ಸೆರಗಿನ ಗಂಟು ಬಿಚ್ಚಿ ನಾಲ್ಕೇ ನಾಲ್ಕು ನೋಟು ತೆಗೆದು ಕೊಟ್ಟು "ವಿಧವೆ ಮುಂಡೇದು ನನ್ ಹತ್ರ ಇನ್ನೇನಿರುತ್ತಪ್ಪ" ಅಂತ ಕಣ್ಣಲ್ಲಿ ನೀರು ತಂದ್ಕೊಂಡ್ತು, ಪಾಪ ಅನ್ನಿಸಿ ನಾನೇ ಹೋಗಿ ಕ್ಯೂ ನಿಂತು ಹೊಸ ನೋಟು ತಂದು ಕೊಟ್ಟಿದ್ದೆ. ಆ ಪಿಂಕ್ ಕಲರ್ ಎರಡು ಸಾವಿರದ ನೋಟು ನೋಡಿ "ಇದೇನೋ, ಲಾಟ್ರಿ ಟಿಕೆಟ್ ಕೊಟ್ಟವ್ರೆ" ಅಂತು.

ಬ್ಯಾಂಕಿಗೂ ಅಜ್ಜಿಗೂ ಮೊದಲಿಂದಾನೂ ಅಷ್ಟಕ್ಕಷ್ಟೇ. ತಾತ ಮೇಷ್ಟ್ರಾಗಿದ್ರು, ಅವರ ಫ್ಯಾಮಿಲಿ ಪೆನ್ಷನ್ ಬರೋದು, ಅದಕ್ಕೆ ಪ್ರತಿ ನವೆಂಬರಲ್ಲಿ ನಾನು ಬದುಕಿದ್ದೀನಿ ಅಂತ ತೋರಿಸ್ಬೇಕು. ಹೆಬ್ಬೆಟ್ಟು ಒತ್ತಿಸೋ ಮೆಷಿನ್ ಬಂದ್ಮೇಲೆ ಶುರುವಾಯ್ತು ನೋಡಿ ಫಜೀತಿ. ಜೀವಮಾನವೆಲ್ಲ ಕಾಯಿ ತುರಿದು ಹುಣಸೆಹಣ್ಣು ಕಿವುಚಿ ಪಾತ್ರೆ ಉಜ್ಜಿದ ಬೆರಳಲ್ಲಿ ಗೆರೆ ಎಲ್ಲಿಂದ ಬರ್ಬೇಕು, ಮೆಷಿನ್ ಒಪ್ಪಲ್ಲ. ಒರೆಸಿ ಒತ್ತಿದ್ರೂ ಇಲ್ಲ, ಒದ್ದೆ ಮಾಡಿ ಒತ್ತಿದ್ರೂ ಇಲ್ಲ. ಅಜ್ಜಿ ಕೌಂಟರ್ ಮೇಲೆ ಗುದ್ದಿ "ನಿನ್ ಎದುರಿಗೇ ನಿಂತು ಬೈತಾ ಇದ್ದೀನಲ್ಲೋ, ಇನ್ನೇನ್ ಬೇಕು ನಿಂಗೆ" ಅಂತ ಕೇಳಿದ್ದು ಇಡೀ ಬ್ಯಾಂಕಿಗೆ ಕೇಳಿಸ್ತು. ಆಮೇಲೆ 2021ರಲ್ಲಿ ಮೊಬೈಲಲ್ಲೇ ಮುಖ ತೋರಿಸಿದ್ರೆ ಸಾಕು ಅಂತ ಬಂತಲ್ಲ, ಸದ್ಯ ಅಂದ್ಕೊಂಡ್ವಿ, ಅದು ನೋಡಿದ್ರೆ ಕಣ್ಣು ಮಿಟುಕಿಸಿ ಅನ್ನುತ್ತೆ. ಫೋನ್ ಹಿಡ್ಕೊಂಡು ನಿಂತಿದ್ದೋನು ಇನ್ನೂ ಮೀಸೆ ಬರ್ತಿರೋ ಹುಡುಗ. "ಥೂ, ಈ ವಯಸ್ಸಲ್ಲಿ ಇವನಿಗೆ ಕಣ್ಣು ಹೊಡೀಬೇಕಾ ನಾನು" ಅಂತ ಸೆರಗು ಮುಖಕ್ಕೆ ಮುಚ್ಕೊಂಡು ಕೂತ್ಬಿಡ್ತು, ಆ ಹುಡುಗ ಕೆಂಪಗಾಗಿ ಹೋದ.

ಸರಿ, ಪೌಡರ್ ಡಬ್ಬ ಸಿಕ್ಕಿದ್ಮೇಲೆ ಬಿಡೋಕಾಗುತ್ತಾ, ಮನೆಯೆಲ್ಲ ಜಾಲಾಡಿದ್ವಿ. ಮೆಂತ್ಯದ ಡಬ್ಬದ ತಳದಲ್ಲಿ ಒಂದು ಕಂತೆ, ದೇವರ ಫೋಟೋ ಹಿಂದಿನ ರಟ್ಟಿನೊಳಗೆ ಒಂದಿಷ್ಟು, ದೊಡ್ಡಪ್ಪನ ಮಗನ ಪ್ರೈಮರಿ ಸ್ಕೂಲ್ ಕಂಪಾಸ್ ಬಾಕ್ಸಲ್ಲಿ ಇನ್ನೊಂದಿಷ್ಟು, ಅವನು ಆ ಬಾಕ್ಸ್ ಕಳೆದಿದ್ದಕ್ಕೆ ಆ ಕಾಲದಲ್ಲಿ ಒದೆ ತಿಂದಿದ್ದ. ಒಟ್ಟು 37 ನೋಟು, ಮೆಂತ್ಯ ಕರ್ಪೂರ ಎರಡೂ ಸೇರಿದ ವಾಸನೆ. ಹದಿನೆಂಟೂವರೆ ಸಾವಿರ!

ಅಜ್ಜಿಗೆ ನೋಟ್ ಬ್ಯಾನ್ ಅರ್ಥ ಆಗಿರ್ಲಿಲ್ಲ ಅಂತ ದೊಡ್ಡಪ್ಪ ಅಂದ್ರು. ನಾನು ಒಪ್ಪಲ್ಲ. ಸಂತೇಲಿ ಕೊಬ್ಬರಿ ರೇಟು ಕ್ವಿಂಟಾಲಿಗೆ ಎಷ್ಟು ಇಳೀತು ಅಂತ ನಮಗಿಂತ ಮುಂಚೆ ಹೇಳ್ತಿದ್ದ ಹೆಂಗಸು ಅದು. ದುಡ್ಡು ತೆಗೆದು ಕೊಟ್ರೆ ಎಲ್ಲಿತ್ತು ಅಂತ ಸೊಸೆಯರಿಗೆ ಗೊತ್ತಾಗುತ್ತೆ, ಆಮೇಲೆ ಆ ಜಾಗ ಕೆಲಸಕ್ಕೆ ಬರಲ್ಲ. ಹದಿನೆಂಟೂವರೆ ಸಾವಿರ ಹಾಳಾಗ್ಲಿ, ಮೆಂತ್ಯದ ಡಬ್ಬ ಉಳೀಲಿ ಅಂತ ಲೆಕ್ಕ ಹಾಕಿದೆ ಅಜ್ಜಿ. ದೊಡ್ಡಮ್ಮಂಗೆ ದುಡ್ಡು ಹೋಗಿದ್ದಕ್ಕಿಂತ ಇದೇ ಜಾಸ್ತಿ ಉರೀತು, "ದಿನಾ ನಾನೇ ಒಗ್ಗರಣೆಗೆ ಅದೇ ಡಬ್ಬಕ್ಕೆ ಕೈ ಹಾಕ್ತಿದ್ನಲ್ಲೇ" ಅಂತ ಅತ್ತು ನಕ್ಕು ಏನೇನೋ ಆದ್ರು.

ಅಷ್ಟೊತ್ತಿಗೆ ವಕೀಲಿಕೆ ಓದ್ತಿರೋ ಚಿಕ್ಕಮ್ಮನ ಮಗಳು ಇನ್ನೊಂದು ಬಾಂಬ್ ಹಾಕಿದ್ಲು. 2017ರಲ್ಲಿ ಒಂದು ಕಾಯ್ದೆ ಬಂದಿದ್ಯಂತೆ, ರದ್ದಾದ ನೋಟು ಒಬ್ಬರ ಹತ್ರ ಹತ್ತಕ್ಕಿಂತ ಜಾಸ್ತಿ ಇರೋ ಹಾಗಿಲ್ಲ, ಇದ್ರೆ ಹತ್ತು ಸಾವಿರ ಅಥವಾ ಆ ನೋಟುಗಳ ಐದು ಪಟ್ಟು, ಯಾವ್ದು ಜಾಸ್ತಿನೋ ಅಷ್ಟರವರೆಗೆ ದಂಡ. ಅಕ್ಕ ಫೋನಲ್ಲಿ ಲೆಕ್ಕ ಹಾಕಿದ್ಲು, 92,500. ಪ್ರಪಂಚದಲ್ಲಿ ಎಲ್ರಿಗೂ ಅಜ್ಜಿ ಆಸ್ತಿ ಬಿಟ್ಟು ಹೋಗುತ್ತೆ, ನಮ್ಮಜ್ಜಿ ಕೇಸು ಬಿಟ್ಟು ಹೋಗಿದೆ. ದೊಡ್ಡಪ್ಪ ರಿಟೈರ್ಡ್ ಗೌರ್ಮೆಂಟ್ ನೌಕರ, ಆ ಕಡೆ ತಿರುಗಿಯೂ ನೋಡ್ಲಿಲ್ಲ. ಚಿಕ್ಕಪ್ಪ ಒಲೆಗೆ ಹಾಕಿ ಅಂದ್ರು. ಅಜ್ಜಿ ದುಡ್ಡು ಒಲೆಗೆ ಹಾಕೋದುಂಟಾ? ನಾವು ನಾಲ್ಕು ಜನ ಮೊಮ್ಮಕ್ಕಳೇ ಹಂಚ್ಕೊಂಡ್ವಿ, ತಲೆಗೆ ಒಂಬತ್ತು, ಉಳಿದ ಒಂದು ನೋಟಿಗೆ ಜಗಳ ಆಗಿ ಕಂಪಾಸ್ ಬಾಕ್ಸಿನ ಒದೆ ಲೆಕ್ಕಕ್ಕೆ ಅಂತ ದೊಡ್ಡಪ್ಪನ ಮಗನಿಗೇ ಕೊಟ್ವಿ. ಕಾನೂನು ಪ್ರಕಾರ ಎಲ್ಲಾ ಕ್ಲಿಯರ್.

ಹೋದ ವಾರ ಹಾಸಿಗೆ ಬಿಚ್ಚಿಸಿ ಹತ್ತಿ ಎಕ್ಕಿಸೋಕೆ ಕೊಟ್ರೆ ಅದರೊಳಗೆ ಇನ್ನೂ ಒಂಬತ್ತು ನೋಟು. ಈಗ ನಲವತ್ತಾರು, ನಾಲ್ಕು ಜನಕ್ಕೆ ಹೊಂದಲ್ಲ, ಐದನೇ ಆಳು ಬೇಕೇ ಬೇಕು. ದೊಡ್ಡಪ್ಪನ ಮಗನಿಗೆ ಮದುವೆ ಮಾಡಿ ಮದುವೆ ಮಾಡಿ ಅಂತ ಅಜ್ಜಿ ಸಾಯೋವರೆಗೂ ಬಡ್ಕೊಂಡ್ತು, ಅವನು ಕೇಳ್ಲಿಲ್ಲ. ಈಗ ದೊಡ್ಡಮ್ಮ ಜಾತಕ ಹಿಡ್ಕೊಂಡು ಓಡಾಡ್ತಿದ್ದಾರೆ, ಬರೋ ಸೊಸೆ ಹೆಸರಲ್ಲಿ ಆರು ನೋಟು ಆಗಲೇ ಕವರಲ್ಲಿ ಹಾಕಿಟ್ಟಿದ್ದೀವಿ.